ಹೆಕ್ಕಿ ತಂದ ಹೆಂಡತಿ: ವಿಯೆಟ್ನಾಮಿ ಕಥೆಗಳ ಶೀರ್ಷಿಕೆಗಳೊಡನೆ ನನ್ನ ಅನುಭವ

ವಿಯೆಟ್ನಾಮಿ ಸಣ್ಣಕಥೆಯನ್ನು ಕನ್ನಡಕ್ಕೆ ತರುವಾಗ ಅದರ ಶೀರ್ಷಿಕೆಗೇ ಒಂದು ಇಡೀ ಹಾಳೆ ಮೀಸಲಿಡುತ್ತೇನೆ. ಮೇಲ್ತುದಿಯಲ್ಲಿ ಒಂದೊಂದು ಪದವನ್ನೂ ಅಂತರ ಬಿಟ್ಟು ಬರೆದು, ಪ್ರತಿ ಪದದ ಕೆಳಗೆ ನಾಲ್ಕು ವಿಷಯ ತುಂಬುತ್ತೇನೆ: ಬಿಡಿ ಅರ್ಥ, ಅದು ಅಚ್ಚ ವಿಯೆಟ್ನಾಮಿ ಪದವೋ ಚೀನೀ ಮೂಲದ್ದೋ, ಇದೇ ಮಾತನ್ನು ಜನ ದಿನಬಳಕೆಯಲ್ಲಿ ಹೇಗೆ ಆಡುತ್ತಾರೆ, ಕಥೆಯೊಳಗೆ ಆ ಪದ ಎಲ್ಲೆಲ್ಲಿ ಬರುತ್ತದೆ. ಹೆಚ್ಚು ಫಲ ಕೊಡುವುದು ಕೊನೆಯ ಎರಡು. ದಿನಬಳಕೆಯ ಮಾತಿಗೂ ಶೀರ್ಷಿಕೆಗೂ ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ಕಥೆಗಾರ ಬೇಕೆಂದೇ ಏನೋ ಮಾಡಿದ್ದಾನೆ ಎಂದು ಹುಡುಕಲು ಶುರು ಮಾಡಬಹುದು.

ವಿಯೆಟ್ನಾಂನ ಶಾಲೆಗಳ ಸಾಹಿತ್ಯ ಪಾಠದಲ್ಲಿ ‘ಈ ಕಥೆಯ ಶೀರ್ಷಿಕೆಯ ಅರ್ಥವೇನು’ ಎಂಬುದು ಪದೇ ಪದೇ ಬರುವ ಪ್ರಶ್ನೆ. ಮೊದಲು ವಾಚ್ಯಾರ್ಥ, ಆಮೇಲೆ ಸಾಂಕೇತಿಕ ಅರ್ಥ ಎಂಬುದು ಉತ್ತರದ ರೂಢಿಯ ಕ್ರಮ. ಕ್ರಮದಲ್ಲಿ ದೋಷವಿಲ್ಲ. ಆದರೆ ವಾಚ್ಯಾರ್ಥವನ್ನು ಒಂದೇ ಸಾಲಿನಲ್ಲಿ ಮುಗಿಸಿ ಸಂಕೇತಕ್ಕೆ ಹಾರಿದರೆ ಅನುವಾದಕ ಸೋಲುತ್ತಾನೆ. ಈ ಭಾಷೆಯಲ್ಲಿ ವಿಭಕ್ತಿಯಿಲ್ಲ, ಕ್ರಿಯಾಪದಕ್ಕೆ ಕಾಲದ ಪ್ರತ್ಯಯವಿಲ್ಲ. ಹೀಗಾಗಿ ನಾವು ಪ್ರತ್ಯಯಗಳಿಂದ ಮಾಡಿಸುವ ಕೆಲಸವನ್ನೆಲ್ಲ ಪದಗಳ ಸರದಿ ಮತ್ತು ಕೆಲವು ಪುಟ್ಟ ಪದಗಳೇ ಮಾಡಬೇಕು.

ಕಿಮ್ ಲನ್ ಅವರ ‘ವೊ ಞತ್’ ತೆಗೆದುಕೊಳ್ಳಿ. ‘ವೊ’ ಅಂದರೆ ಹೆಂಡತಿ. ‘ಞತ್’ ಅಂದರೆ ಬಿದ್ದದ್ದನ್ನು ಬಗ್ಗಿ ಎತ್ತಿಕೊಳ್ಳುವುದು. ಮದುವೆಯ ಮಾತಿಗೆ ಅಲ್ಲಿ ಬೇರೆಯೇ ಕ್ರಿಯಾಪದಗಳಿವೆ. ವೀಳ್ಯದೆಲೆಯಿಂದಲೇ ಮಾತು ಆರಂಭವಾಗಬೇಕು ಎಂಬ ಗಾದೆಯಿರುವ ನಾಡು ಅದು. ತಾಂಬೂಲ ಬದಲಾಯಿಸಿಕೊಳ್ಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಥ ಕಡೆ ಹೆಂಡತಿಯ ಪಕ್ಕದಲ್ಲಿ ‘ಞತ್’ ನಿಂತರೆ ಓದುಗ ಬೆಚ್ಚುತ್ತಾನೆ. ದನಿಯ ಏರಿಳಿತ ಬದಲಾದರೆ ಪದದ ಅರ್ಥವೇ ಬದಲಾಗುವ ಭಾಷೆ ಇದು; ಆ ಏರಿಳಿತವನ್ನೇ ಇಲ್ಲಿ ಸ್ವರ ಎನ್ನುತ್ತೇನೆ. ಎರಡೂ ಪದಗಳಿಗೆ ಒಂದೇ ಸ್ವರ, ತಗ್ಗಿಗೆ ಇಳಿದು ಗಕ್ಕನೆ ನಿಲ್ಲುವ ಸ್ವರ. ಅಕ್ಷರದ ಅಡಿಯಲ್ಲಿ ಚುಕ್ಕೆಯಿಟ್ಟು ಅದನ್ನು ತೋರಿಸುತ್ತಾರೆ. ಬಾಯಿಬಿಟ್ಟು ಓದಿದರೆ ಎರಡು ಸಲ ಏನೋ ನೆಲಕ್ಕೆ ಬಿದ್ದ ಹಾಗೆ ಕೇಳುತ್ತದೆ.

ಕಥೆ ನಡೆಯುವುದು 1945ರ ಬರಗಾಲದಲ್ಲಿ. ಹಸಿವಿನಿಂದ 20 ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು ಅದೇ ವರ್ಷದ ಸೆಪ್ಟೆಂಬರ್ 2ರ ಸ್ವಾತಂತ್ರ್ಯ ಘೋಷಣೆ ಹೇಳುತ್ತದೆ. ಗಾಡಿ ಎಳೆಯುವ ಚಾಂಗ್ ಎಂಬ ಬಡವ, ಹೆಸರೇ ಇಲ್ಲದ ಒಬ್ಬ ಹೆಂಗಸಿಗೆ ಅಕ್ಕಿಹಿಟ್ಟಿನ ತಿನಿಸು ಕೊಡಿಸುತ್ತಾನೆ. ಅವಳು ತಲೆಯೆತ್ತದೆ ನಾಲ್ಕು ಬಟ್ಟಲು ತಿಂದು ಅವನ ಹಿಂದೆ ಹೊರಡುತ್ತಾಳೆ. ಮದುವೆ ಅಂದರೆ ಇಷ್ಟೇ.

ಕನ್ನಡದಲ್ಲಿ ಮೊದಲು ನಾಲಿಗೆಗೆ ಬರುವುದು ‘ಆಯ್ದ ಹೆಂಡತಿ’. ಇದು ಪೂರ್ತಿ ತಿರುವುಮುರುವು: ಹತ್ತು ಮಂದಿಯಲ್ಲಿ ಒಬ್ಬಳನ್ನು ಮೆಚ್ಚಿ ಆರಿಸಿಕೊಂಡ ಅರ್ಥ ಬರುತ್ತದೆ. ‘ಸಿಕ್ಕ ಹೆಂಡತಿ’ಯಲ್ಲಿ ಬಗ್ಗಿ ಎತ್ತುವ ಕೈಯೇ ಮಾಯ. ‘ಬಿಟ್ಟಿ ಹೆಂಡತಿ’ ಅವಳನ್ನು ಹೀಯಾಳಿಸುತ್ತದೆ, ಕಥೆ ಅವಳನ್ನು ಎಲ್ಲೂ ಹೀಯಾಳಿಸುವುದಿಲ್ಲ. ದಾರಿ ತೋರಿಸಿದ್ದು ಹಾಳೆಯ ನಾಲ್ಕನೆಯ ವಿಷಯ. ಉಗ್ರಾಣದ ಬಾಗಿಲಲ್ಲಿ ಹಸಿದ ಹೆಂಗಸರು ಕೂತು, ಉದುರಿದ ಚೆಲ್ಲಿದ ಕಾಳುಗಳನ್ನು ಹೆಕ್ಕುತ್ತಿರುತ್ತಾರೆ. ಅಲ್ಲಿ ಕಿಮ್ ಲನ್ ಬಳಸಿರುವ ಕ್ರಿಯಾಪದ ಇದೇ ‘ಞತ್’. ಕಾಳು ಹೆಕ್ಕುವವರ ನಡುವಿನಿಂದ ಬಂದವಳೇ ಹೆಕ್ಕಿದ ಕಾಳಾಗಿದ್ದಾಳೆ. ಕಣದಲ್ಲಿ, ಗದ್ದೆಯಲ್ಲಿ ಬಿದ್ದ ಕಾಳಿಗೆ ನಾವು ಹೇಳುವುದೂ ಹೆಕ್ಕುವುದು ಎಂದೇ. ಹೀಗೆ ‘ಹೆಕ್ಕಿ ತಂದ ಹೆಂಡತಿ’ ಆಯಿತು. ಅದರಲ್ಲಿ ‘ತಂದ’ ಸೇರಿಸಿದ್ದು ನಾನು. ಆ ಹೆಂಗಸನ್ನು ಸಂಜೆ ಹೊತ್ತು ಕೇರಿಯ ಜನರ ಕಣ್ಣೆದುರು ಮನೆಗೆ ಕರೆದು ತರುವ ನಡಿಗೆಯಿಂದಲೇ ಕಥೆ ಶುರುವಾಗುತ್ತದೆ. ಹೆಕ್ಕಿದವರು ಯಾರು ಎಂಬುದನ್ನು ವಿಯೆಟ್ನಾಮಿ ಶೀರ್ಷಿಕೆ ಬಾಯಿಬಿಟ್ಟು ಹೇಳುವುದಿಲ್ಲ, ನಮ್ಮ ‘ತಂದ’ ಅರ್ಧ ಹೇಳಿಬಿಡುತ್ತದೆ. ಆ ನಷ್ಟ ಇದೆ. ಕಥೆಯಲ್ಲಿ ಮುದಿ ತಾಯಿಯ ಮನಸ್ಸಿನೊಳಗೆ ಹಾಯುವ ಮಾತು ಇಷ್ಟು: ಇಂಥ ಕಷ್ಟ ಬಂದದ್ದಕ್ಕೇ ಈ ಹೆಣ್ಣು ನನ್ನ ಮಗನನ್ನು ಒಪ್ಪಿದ್ದು, ಇಲ್ಲದಿದ್ದರೆ ಅವನಿಗೆ ಹೆಂಡತಿ ಎಲ್ಲಿಂದ? ಯಾರನ್ನು ಯಾರು ಎತ್ತಿಕೊಂಡರು ಎಂಬುದು ಅಲ್ಲಿ ಅದಲುಬದಲಾಗುತ್ತದೆ.

ಒಂದು ಎಚ್ಚರಿಕೆ. ಅಕ್ಷರಗಳ ಮೇಲಿನ, ಅಡಿಯ ಗುರುತುಗಳನ್ನು ಬಿಟ್ಟು ಟೈಪ್ ಮಾಡಿದ ಶೀರ್ಷಿಕೆಯನ್ನು ನಿಘಂಟಿನಲ್ಲಿ ಹುಡುಕಬೇಡಿ. ಇದೇ ‘ಞತ್’ನ ತಲೆಯ ಮೇಲಿನ ಪುಟ್ಟ ಬಟ್ಟಲು ಗುರುತು ತೆಗೆದರೆ ‘ಸಪ್ಪೆ’ ಎಂದರ್ಥ. ‘ವೊ’ದ ಗುರುತು ಬದಲಾದರೆ ಚಿಪ್ಪು, ನೋಟುಪುಸ್ತಕ, ಒಡೆಯುವುದು, ನಟಿಸುವುದು ಎಲ್ಲವೂ ಬರುತ್ತವೆ.

ಕಿಮ್ ಲನ್ ಅವರದೇ 1948ರ ‘ಲಾಂಗ್’ ಕನ್ನಡಕ್ಕೆ ಸುಲಭವಾಗಿ ಒಲಿಯುವ ಶೀರ್ಷಿಕೆ. ಕಥೆಯ ಮುದುಕ ಹಾಯ್ ತನ್ನ ಊರು ಚೊ ದೌ ಬಿಟ್ಟು ಬಂದ ನಿರಾಶ್ರಿತ. ಊರಿನ ಬಗ್ಗೆ ಜಂಬ ಕೊಚ್ಚಿಕೊಳ್ಳುತ್ತಲೇ ಇರುವವನ ಕಿವಿಗೆ, ಆ ಊರು ಫ್ರೆಂಚರ ಪಾಲಿಗೆ ಸೇರಿತೆಂಬ ಸುದ್ದಿ ಬೀಳುತ್ತದೆ. ಕಥೆಯ ತುಂಬ ಊರಿನ ಹೆಸರಿದೆ, ಶೀರ್ಷಿಕೆಯಲ್ಲಿ ಮಾತ್ರ ಇಲ್ಲ. ಹೆಸರಿದ್ದರೆ ಅದು ಒಂದು ಹಳ್ಳಿಯ ಕಥೆ; ಹೆಸರು ಬಿಟ್ಟದ್ದರಿಂದ ಊರು ಬಿಟ್ಟು ಬಂದವರೆಲ್ಲರ ಕಥೆ. ‘ಹಳ್ಳಿ’ ಎಂದರೆ ಪಟ್ಟಣದವರು ನೋಡಿದ ಹಾಗೆ, ‘ಗ್ರಾಮ’ ಎಂದರೆ ಪಂಚಾಯಿತಿ ಕಾಗದದ ಹಾಗೆ. ‘ಊರು’ ಸಾಕು.

‘ಚಿ ಫೆಓ’ ಕಥೆಗೆ ಮೂರು ಹೆಸರುಗಳಿವೆ. ನಾಮ್ ಕಾವ್ ಮೊದಲು ಇಟ್ಟದ್ದು ‘ಹಳೆಯ ಇಟ್ಟಿಗೆ ಗೂಡು’ ಎಂಬರ್ಥದ ಶೀರ್ಷಿಕೆ. 1941ರಲ್ಲಿ ಪ್ರಕಾಶಕರು ಅದನ್ನು ‘ತಕ್ಕ ಜೋಡಿ’ ಎಂಬರ್ಥಕ್ಕೆ ಬದಲಿಸಿ ಅಚ್ಚು ಹಾಕಿಸಿದರು. 1946ರಲ್ಲಿ ಸಂಕಲನಕ್ಕೆ ಸೇರಿಸುವಾಗ ಲೇಖಕರು ನಾಯಕನ ಹೆಸರನ್ನೇ ಇಟ್ಟರು. ಶೀರ್ಷಿಕೆ ಏನು ಮಾಡಬಲ್ಲದು ಎಂದು ಕಲಿಯಲು ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಸಿಕ್ಕಿಲ್ಲ: ಒಂದೇ ಕಥೆಯನ್ನು ಮೂರು ಹೆಸರಿನ ಕೆಳಗೆ ಮೂರು ಸಲ ಓದುವುದು.

‘ಇಟ್ಟಿಗೆ ಗೂಡು’ ಎಂದು ಓದಿದರೆ ಕಣ್ಣು ಕಥೆಯ ಎರಡು ತುದಿಗೆ ಹೋಗುತ್ತದೆ. ಹೆತ್ತವರು ಬಿಟ್ಟುಹೋದ ಕೂಸು ಪಾಳುಬಿದ್ದ ಗೂಡಿನ ಬಳಿ ಸಿಗುತ್ತದೆ, ಅದೇ ಚಿ. ಕೊನೆಯಲ್ಲಿ ಅವನು ಸತ್ತ ಮೇಲೆ, ಅವನೊಡನೆ ಕೆಲವು ದಿನ ಕಳೆದ ಥಿ ನೊ ಎಂಬ ಹೆಂಗಸು ತನ್ನ ಹೊಟ್ಟೆಯ ಕಡೆ ನೋಡಿಕೊಳ್ಳುತ್ತಾಳೆ; ಮನೆಗಳಿಂದ ದೂರದ, ಜನ ಸುಳಿಯದ ಇಟ್ಟಿಗೆ ಗೂಡು ಅವಳ ಕಣ್ಣಮುಂದೆ ಹಾಯುತ್ತದೆ. ಇನ್ನೊಬ್ಬ ಚಿ ಹುಟ್ಟುತ್ತಾನೆ ಎಂಬ ಕತ್ತಲು ಈ ಶೀರ್ಷಿಕೆಯದು. ‘ತಕ್ಕ ಜೋಡಿ’ ಎಂದು ಓದಿದರೆ ಕುಡುಕ ಮತ್ತು ಕುರೂಪಿಯ ನಡುವಿನ ಕೆಲವೇ ದಿನಗಳ ನಂಟು ಮುಂದೆ ಬಂದು, ಅವನನ್ನು ಹಾಗೆ ಮಾಡಿದ ಜಮೀನುದಾರ ಮತ್ತು ಜೈಲು ಹಿಂದೆ ಸರಿಯುತ್ತವೆ. ಪುಸ್ತಕ ಮಾರಲು ಇದು ಅನುಕೂಲ, ಕಥೆಗೆ ಅನ್ಯಾಯ. ಬರೀ ಹೆಸರು ಇಟ್ಟಾಗ ಮಾತ್ರ, ‘ನಾನು ಒಳ್ಳೆಯ ಮನುಷ್ಯನಾಗಬೇಕು’ ಎಂದು ಕೊನೆಗೆ ಕೇಳುವವನ ಮುಖ ಕಾಣುತ್ತದೆ.

ಕನ್ನಡದ ತೊಡಕುಗಳು ಬೇರೆಯೇ. ‘ಭಟ್ಟಿ’ ಎಂದರೆ ಇಟ್ಟಿಗೆಗಿಂತ ಮೊದಲು ಕಳ್ಳಭಟ್ಟಿ ನೆನಪಾಗುತ್ತದೆ, ನಾಯಕ ಕುಡುಕನಾದ್ದರಿಂದ ಓದುಗ ತಪ್ಪು ದಾರಿ ಹಿಡಿಯುವುದು ಖಂಡಿತ. ‘ಗೂಡು’ ಎಂದರೆ ಹಕ್ಕಿಯ ಗೂಡೂ ಹೌದು. ಮೂಲದಲ್ಲಿ ಆ ಛಾಯೆ ಇಲ್ಲ, ಆದರೆ ಕೂಸು ಸಿಕ್ಕ ಜಾಗಕ್ಕೆ ಅದು ಹೊಂದುವುದರಿಂದ ಉಳಿಸಿಕೊಂಡೆ. ಇನ್ನು ನಾಯಕನ ಹೆಸರು. ದೀರ್ಘ ಹಾಕಿ ‘ಚೀ’ ಎಂದು ಬರೆದರೆ ಕನ್ನಡದ ಓದುಗ ಅದನ್ನು ‘ಛೀ’ ಎಂದು ಓದುತ್ತಾನೆ, ಊರೆಲ್ಲ ಛೀ ಎನ್ನುವ ಮನುಷ್ಯನಿಗೆ ನಾವೂ ಒಂದು ಛೀ ಸೇರಿಸಿದಂತೆ. ಹ್ರಸ್ವವೇ ಸರಿ. ಇಂಥದೇ ಜಾಗ್ರತೆ ‘ರುಂಗ್ ಸಾ ನು’ ಕಥೆಗೂ ಬೇಕು. ‘ಸಾ ನು’ ಎಂಬುದು ವಿಯೆಟ್ನಾಂನ ಮಧ್ಯ ಎತ್ತರನಾಡಿನ ಪೈನ್ ಜಾತಿಯ ಮರದ ಹೆಸರು, ಸೇರಿಸಿ ‘ಸಾನು’ ಎಂದು ಬರೆದರೆ ಹಳಗನ್ನಡ ಓದಿದವರಿಗೆ ಬೆಟ್ಟದ ನೆತ್ತಿಯಾಗುತ್ತದೆ. ಅಲ್ಲಿ ಶೀರ್ಷಿಕೆಯಲ್ಲಿರುವುದು ಒಂದು ಮರವಲ್ಲ, ‘ರುಂಗ್’, ಇಡೀ ಕಾಡು. ಕಥೆಯ ಮೊದಲಲ್ಲೂ ಕೊನೆಯಲ್ಲೂ ದಿಗಂತದವರೆಗೆ ಹಬ್ಬಿರುವುದು ಆ ಕಾಡೇ.

ನ್ಗುಯೆನ್ ತುವನ್ ಅವರ ‘ಚು ನ್ಗೊಯ್ ತು ತು’ ಕೂಡ ಹೆಸರು ಬದಲಿಸಿಕೊಂಡ ಕಥೆ. 1938ರಲ್ಲಿ ಪತ್ರಿಕೆಯಲ್ಲಿ ಬಂದಾಗ ‘ಕೊನೆಯ ಬರಹದ ಸಾಲು’ ಎಂಬರ್ಥದ ಶೀರ್ಷಿಕೆ ಇತ್ತು, 1940ರ ಸಂಕಲನದಲ್ಲಿ ಬದಲಾಯಿತು. ಮೊದಲ ಹೆಸರು ಗಡುವು ಮುಗಿಯುವುದನ್ನು ಮಾತ್ರ ಹೇಳುತ್ತಿತ್ತು. ಹೊಸದರಲ್ಲಿ ಎರಡು ಜಗತ್ತು ಢಿಕ್ಕಿ ಹೊಡೆಯುತ್ತವೆ: ‘ಚು’ ಎಂಬ ಆಪ್ತ ಪದ, ಅಂದರೆ ಅಕ್ಷರ; ‘ತು ತು’ ಎಂಬ ಚೀನೀ ಮೂಲದ ಕಚೇರಿಯ ಪದ, ಅಂದರೆ ಮರಣದಂಡನೆಯ ಕೈದಿ. ಕೈದಿ ಹುವನ್ ಕಾವ್ ಸುಂದರ ಲಿಪಿಕಾರ. ಜೇಡರ ಬಲೆ, ಇಲಿಹಿಕ್ಕೆಗಳ ಸೆರೆಕೋಣೆಯಲ್ಲಿ, ಪಂಜಿನ ಬೆಳಕಲ್ಲಿ, ಜೈಲಿನ ಅಧಿಕಾರಿಗಾಗಿ ಬಿಳಿ ರೇಷ್ಮೆಯ ಮೇಲೆ ಬರೆಯುತ್ತಾನೆ. ‘ಅವನ ಅಕ್ಷರ ಮುತ್ತಿನ ಹಾಗಿದೆ’ ಎನ್ನುವ ನಮಗೆ ‘ಅಕ್ಷರ’ ಎಂದರೆ ಕೈಬರಹವೂ ಹೌದು, ಅಳಿಯದ್ದು ಎಂಬ ಮೂಲಾರ್ಥವೂ ಅದರೊಳಗಿದೆ. ನಾಳೆ ಅಳಿಯುವವನ ಅಕ್ಷರ. ಮೂಲಕ್ಕಿಂತ ಕನ್ನಡ ಒಂದು ಗುಲಗಂಜಿ ಹೆಚ್ಚು ಕೊಡುವ ಅಪರೂಪದ ಜಾಗವಿದು. ‘ಗಲ್ಲಿಗೇರುವವನ ಅಕ್ಷರ’ ಎಂದರೆ ಓಟ ಚೆನ್ನಾಗಿದೆ, ಆದರೆ ಕಥೆಯಲ್ಲಿಲ್ಲದ ನೇಣುಹಗ್ಗ ಬಂದುಬಿಡುತ್ತದೆ. ‘ಮರಣದಂಡನೆಯ ಕೈದಿಯ ಅಕ್ಷರ’ ಉದ್ದವಾದರೂ ಅದನ್ನೇ ಇಟ್ಟುಕೊಂಡೆ.

ಹೆಚ್ಚು ದಿನ ತಿಂದದ್ದು ನ್ಗುಯೆನ್ ಥಾನ್ ಲಾಂಗ್ ಅವರ 1970ರ ‘ಲಂಗ್ ಲೆ ಸಾಪಾ’. ಸಾಪಾ ಎಂಬುದು ಬೆಟ್ಟದ ಮೇಲಿನ ಒಂದು ಊರು. ವಿಯೆಟ್ನಾಮಿಯಲ್ಲಿ ಗುಣವಾಚಕ ನಾಮಪದದ ನಂತರ ಬರಬೇಕು: ‘ಸಾಪಾ ಲಂಗ್ ಲೆ’, ನಿಶ್ಶಬ್ದ ಸಾಪಾ. ಲೇಖಕರು ಸರದಿ ತಿರುಗಿಸಿದ್ದಾರೆ. ನಮ್ಮಲ್ಲಿ ಗುಣವಾಚಕ ಮೊದಲೇ ಬರುವುದರಿಂದ ‘ನಿಶ್ಶಬ್ದ ಸಾಪಾ’ ಎಂದರೆ ಮಾತು ನೇರವಾಗಿ, ಪ್ರವಾಸಿ ಕರಪತ್ರದ ಹಾಗೆ ಕೂತುಬಿಡುತ್ತದೆ. ಮೂಲದಲ್ಲಿ ಮೌನ ಊರಿನದಲ್ಲ, ಅಲ್ಲಿ ದುಡಿಯುವವರದು. ಮಂಜಿನ ಬೆಟ್ಟದ ಮೇಲೆ ಒಂಟಿಯಾಗಿರುವ 27ರ ಯುವಕ ಬೆಳಗಿನ 4, ಹಗಲು 11, ಸಂಜೆ 7, ರಾತ್ರಿ 1 ಗಂಟೆಗೆ ಹವಾಮಾನದ ಅಂಕಿ ಕಳಿಸುತ್ತಾನೆ. ಅವನಿಗಾಗಲಿ, ಚಿತ್ರಕಾರನಿಗಾಗಲಿ, ಬಸ್ ಚಾಲಕನಿಗಾಗಲಿ ಹೆಸರೇ ಇಲ್ಲ. ‘ಲಂಗ್ ಲೆ’ ನಮ್ಮ ಜೋಡುನುಡಿಯಂಥ ಪದ, ಲಕಾರ ಎರಡು ಸಲ ಮೆಲ್ಲಗೆ ಮುಟ್ಟುತ್ತದೆ. ಕೊನೆಗೆ ನಿಂತದ್ದು ‘ಸದ್ದಿಲ್ಲದೆ ಸಾಪಾ’. ‘ಸದ್ದಿಲ್ಲದ’ ಎಂದಿದ್ದರೆ ಮಾತು ಮುಗಿಯುತ್ತಿತ್ತು; ‘ಸದ್ದಿಲ್ಲದೆ’ ಎಂದಾಗ ಕಿವಿ ಒಂದು ಕ್ರಿಯಾಪದಕ್ಕೆ ಕಾಯುತ್ತದೆ, ಯಾರೋ ಏನೋ ಮಾಡುತ್ತಿದ್ದಾರೆ ಎಂಬ ಸುಳಿವು ಸಿಗುತ್ತದೆ. ಪ್ರೂಫ್ ನೋಡುವವರು ಇದನ್ನು ತಪ್ಪೆಂದು ‘ಸದ್ದಿಲ್ಲದ’ ಮಾಡಿಬಿಡುತ್ತಾರೆ. ಹಸ್ತಪ್ರತಿಯಲ್ಲಿ ಅಂಚಿನಲ್ಲಿ ಬರೆದು ಕೊಡುವುದು ಒಳ್ಳೆಯದು.

ಗಾದೆಯ ಶೀರ್ಷಿಕೆಗಳಿಗೆ ಬೇರೆ ಪಟ್ಟು ಬೇಕು. ಫಾಮ್ ಝುಯ್ ತೊನ್ 1918ರಲ್ಲಿ ಬರೆದ ಕಥೆಯ ಶೀರ್ಷಿಕೆ ‘ಸೊಂಗ್ ಚೆತ್ ಮಕ್ ಬಾಯ್’ ಅರ್ಧ ಗಾದೆ: ನೀವು ಬದುಕಿದರೂ ಸತ್ತರೂ ನಿಮ್ಮ ಪಾಡು. ಉಳಿದರ್ಧ, ಪೂಜಾರಿಯ ದುಡ್ಡು ಜೇಬಿಗೆ ಎಂಬುದು, ಓದುಗನ ಬಾಯಲ್ಲಿ ತಾನಾಗಿ ಬರುತ್ತದೆ. ಕಟ್ಟೆ ಒಡೆದು ಊರು ಮುಳುಗುವ ಹೊತ್ತಿಗೆ ಕಾವಲಿಗೆ ಬಂದ ಅಧಿಕಾರಿ ಇಸ್ಪೀಟು ಗೆಲ್ಲುತ್ತಿರುತ್ತಾನೆ. ಕನ್ನಡದ ಗಾದೆಯೊಂದನ್ನು ತಂದು ಕೂರಿಸುವುದು ಬೇಡ, ಆ ಗಾದೆ ತನ್ನ ಕಥೆಯನ್ನೂ ಹೊತ್ತು ತರುತ್ತದೆ. ತೊಡಕಿರುವುದು ‘ಬಾಯ್’ ಪದದಲ್ಲಿ: ಹಲವರನ್ನು ಒಟ್ಟಿಗೆ ಕೀಳಾಗಿ ಕರೆಯುವ ಮಾತು. ನಮ್ಮ ‘ನೀವು’ ಬಹುವಚನವಾದ ತಕ್ಷಣ ಗೌರವವೂ ಆಗುತ್ತದೆ. ‘ರೋ’ ಹಚ್ಚಿದರೆ ತಿರಸ್ಕಾರ ಉಳಿಯುತ್ತದೆ: ‘ಬದುಕ್ರೋ ಸಾಯ್ರೋ’. ಜೇಬಿನ ದುಡ್ಡನ್ನು ಮಾತ್ರ ಟಿಪ್ಪಣಿಗೆ ಬಿಡಬೇಕಾಯಿತು.

ತೊ ಹ್ವಾಯ್ ಅವರ ‘ವೊ ಚೊಂಗ್ ಅ ಫು’ ಕಥೆಯ ಜೀವ ಮಿ ಎಂಬ ಹೆಣ್ಣು. ಶೀರ್ಷಿಕೆಯಲ್ಲಿ ಅವಳ ಹೆಸರಿಲ್ಲ, ಹೆಸರಿರುವ ಗಂಡು ಅ ಫು ಕಥೆಯಲ್ಲಿ ಕಾಣಿಸುವುದು ತಡವಾಗಿ. ಸಾಲಕ್ಕೆ ಬದಲು ಸೊಸೆಯಾಗಿ ಹೋದ ಮನೆಯ ಮದುವೆಯನ್ನು ಬಿಟ್ಟು, ಇಬ್ಬರೂ ಓಡಿಹೋಗಿ ತಾವೇ ಕಟ್ಟಿಕೊಂಡ ಬಾಳನ್ನು ಶೀರ್ಷಿಕೆ ಮದುವೆಯೆಂದು ಒಪ್ಪುತ್ತದೆ. ‘ದಂಪತಿ’ ಎಂದರೆ ಆಮಂತ್ರಣ ಪತ್ರಿಕೆಯ ವಾಸನೆ, ‘ಅ ಫು ಗಂಡ ಹೆಂಡತಿ’ ಸಾಕು. ಅಲ್ಲಿಯ ಮಾತಿನಲ್ಲಿ ಹೆಂಡತಿ ಮೊದಲು, ಗಂಡ ಆಮೇಲೆ. ನಮ್ಮ ರೂಢಿಗೆ ಮಣಿದೆ. ನ್ಗುಯೆನ್ ಮಿನ್ ಚೌ ಅವರ 1983ರ ಕಥೆಗೆ ‘ದೂರದ ದೋಣಿ’ ಎಂದಿಟ್ಟು ಆಮೇಲೆ ಬದಲಿಸಿದೆ. ದೋಣಿಗೆ ಮುಂಚೆ ‘ಚಿಯೆಕ್’ ಎಂಬ ಎಣಿಕೆಯ ಪದವಿದೆ, ಅದು ದೋಣಿಯನ್ನು ಒಂಟಿಯಾಗಿಸುತ್ತದೆ. ‘ದೂರದಲ್ಲೊಂದು ದೋಣಿ’ ಎಂದಾಗ ದಡದಲ್ಲಿ ಕ್ಯಾಮೆರಾ ಹಿಡಿದು ನಿಂತವನೂ ಬರುತ್ತಾನೆ. ದೋಣಿ ಹತ್ತಿರ ಬಂದಾಗಲೇ ಹೆಂಡತಿಗೆ ಬೆಲ್ಟಿನಿಂದ ಹೊಡೆಯುವ ಗಂಡ ಕಾಣುವುದು.

ಎಲ್ಲ ಆದ ಮೇಲೆ ಒಂದು ಪರೀಕ್ಷೆ. ಶೀರ್ಷಿಕೆಯನ್ನು ಕಥೆಗೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಗಟ್ಟಿಯಾಗಿ ಓದುವುದು. ಎರಡೂ ಸಲ ಒಂದೇ ದನಿ ಬಂದರೆ ಕೆಲಸ ಮುಗಿದಿಲ್ಲ. ನಾಮ್ ಕಾವ್ ಅವರ ‘ಹೊಟ್ಟೆ ತುಂಬ ಒಂದು ಊಟ’ ಮೊದಲ ಸಲ ಬೆಚ್ಚಗೆ ಕೇಳುತ್ತದೆ. ಬಹುಕಾಲ ಹಸಿದ ಮುದುಕಿ ಆ ಊಟದಿಂದಲೇ ಸಾಯುವುದನ್ನು ಓದಿ ಬಂದವರಿಗೆ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಲಾಗದು. ಇದೇ ಕಾರಣಕ್ಕೆ ಶೀರ್ಷಿಕೆಗೆ ನಕ್ಷತ್ರ ಹಾಕಿ ಪುಟದ ಅಡಿಯಲ್ಲಿ ವಿವರಿಸಬಾರದು, ಎರಡನೆಯ ಓದು ಮೊದಲೇ ಖರ್ಚಾಗಿಬಿಡುತ್ತದೆ. ಟಿಪ್ಪಣಿ ಬೇಕೇಬೇಕಾದರೆ ಕಥೆಯ ಕೊನೆಯಲ್ಲಿ ಹಾಕುತ್ತೇನೆ, ಮೂರು ಸಾಲಿಗೆ ಮೀರದಂತೆ. ‘ಚಿ ಫೆಓ’ಗೆ ಅಲ್ಲಿ ಬರೆಯುವುದು ಹಳೆಯ ಎರಡು ಹೆಸರು ಮತ್ತು ಇಸವಿಗಳು ಮಾತ್ರ.