30 ಅಡಿಯ ದೋಣಿ, 70 ಅಡಿಯ ಬೋಟು: ಒರಟು ಕಡಲಲ್ಲಿ ನನ್ನ ಅನುಭವ

ಕಡಲಿಗೆ ಹೊಸದಾಗಿ ಇಳಿಯುವ ಹುಡುಗರು ನನ್ನನ್ನು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ. "ಅಣ್ಣಾ, ದೊಡ್ಡ ಬೋಟಿಗೆ ಹೋದ್ರೆ ಹೆದರಿಕೆ ಕಮ್ಮಿ ಅಲ್ದಾ?" ಹೌದು ಎನ್ನಲು ನನಗೆ ಬಾಯಿ ಬರುವುದಿಲ್ಲ. ಅಲ್ಲ ಎಂದರೂ ಅರ್ಧ ಸುಳ್ಳಾಗುತ್ತದೆ.

ನಾನು ಉಡುಪಿ ಜಿಲ್ಲೆಯ ಉಪ್ಪುಂದದ ಕಡೆಯವನು. ಮೊದಲ 11 ವರ್ಷ ದೊಡ್ಡಪ್ಪನ ನಾಡದೋಣಿಯಲ್ಲಿದ್ದೆ. 30 ಅಡಿಯ ಫೈಬರ್ ದೋಣಿ, ಹಿಂದೆ ಔಟ್‌ಬೋರ್ಡ್ ಎಂಜಿನ್, ಎಂಟು ಜನ. ಆಮೇಲೆ ಬಲೆ ಎಳೆದು ಮೀನು ಹಿಡಿಯುವ ಆಳಸಮುದ್ರದ ಟ್ರಾಲ್ ಬೋಟಿಗೆ ಕಲಾಸಿಯಾಗಿ, ಅಂದರೆ ಕೆಲಸದಾಳಾಗಿ ಸೇರಿದೆ. ಈಗ 70 ಅಡಿಯ ಬೋಟಿಗೆ ತಾಂಡೇಲ, ಅಂದರೆ ಬೋಟು ನಡೆಸುವವನು. ಎರಡನ್ನೂ ಒರಟು ನೀರಿನಲ್ಲಿ ನಡೆಸಿದ್ದೇನೆ. ಎರಡರಲ್ಲೂ ಹೆದರಿದ್ದೇನೆ. ಆದರೆ ಹೆದರಿದ ಜಾಗ ಬೇರೆ ಬೇರೆ.

ನಾಡದೋಣಿಯವರಿಗೆ ಮಳೆಗಾಲವೇ ಸುಗ್ಗಿ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಇಳಿಯುವಂತಿಲ್ಲ. ಆಗ 10 ಎಚ್‌ಪಿವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ಕಡಲು. ತೂಫಾನ್ ಎದ್ದು ಇಳಿದ ಮೇಲೆ ಚಟ್ಲಿ (ಸಿಗಡಿ), ಬಂಗುಡೆ ದಡದ ಹತ್ತಿರ ಬರುತ್ತವೆ. ಅಂದರೆ ಎಲ್ಲಕ್ಕಿಂತ ಚಿಕ್ಕ ದೋಣಿಗಳು ಎಲ್ಲಕ್ಕಿಂತ ಕೆಟ್ಟ ಕಡಲಿಗೆ ಹೋಗುತ್ತವೆ. ಹೊರಗಿನವರಿಗೆ ಇದು ಹುಚ್ಚು ಎನಿಸಬಹುದು. ನಮಗೆ ಅದೇ ವರ್ಷದ ಅನ್ನ.

ದೊಡ್ಡಪ್ಪ ನನಗೆ ಮೊದಲು ಹೇಳಿಕೊಟ್ಟದ್ದು ಇಷ್ಟೇ: "ಬದಿ ಕೊಡ್ಬ್ಯಾಡ, ಮೂತಿ ಕೊಡ್." ಅಲೆಗೆ ದೋಣಿಯ ಬದಿ ತೋರಿಸಬೇಡ, ಮೂತಿ ತೋರಿಸು. ಇದರ ಬೆಲೆ ಗೊತ್ತಾದದ್ದು ಒಂದು ಜುಲೈ ಮಧ್ಯಾಹ್ನ. ಗಾಳಿ ಜೋರಾಗಿತ್ತು. ಅಲೆ ದೊಡ್ಡದಲ್ಲ, ಒಂದೂವರೆ ಮೀಟರ್ ಇದ್ದೀತು. ಆದರೆ ಒಂದರ ಹಿಂದೆ ಒಂದು, ಮೂರು ಸೆಕೆಂಡಿಗೊಂದು ಬರುತ್ತಿತ್ತು. ಬಲೆಯ ಹಗ್ಗ ಫ್ಯಾನಿಗೆ, ಅಂದರೆ ಎಂಜಿನ್ನಿನ ಪ್ರೊಪೆಲ್ಲರಿಗೆ ಸುತ್ತಿ ಎಂಜಿನ್ ನಿಂತಿತು. ಹತ್ತು ಎಣಿಸುವುದರೊಳಗೆ ದೋಣಿ ತಾನಾಗಿ ಅಡ್ಡ ತಿರುಗಿತು. ಎರಡನೇ ಅಲೆಗೇ ಒಳಗೆ ಮೊಣಕಾಲು ಮಟ್ಟ ನೀರು.

ನಾವೆಲ್ಲ ಎದ್ದು ನಿಂತಿದ್ದೆವು. ದೊಡ್ಡಪ್ಪ ಕೂಗಿದ, ಎಲ್ಲರೂ ಕೂತುಬಿಡಿ ಅಂತ. ದೊಡ್ಡ ಬೋಟಿನಲ್ಲಿ ಎಂಟು ಜನ ನಿಂತರೂ ಕೂತರೂ ಬೋಟಿಗೆ ಗೊತ್ತಾಗುವುದಿಲ್ಲ. ಚಿಕ್ಕ ದೋಣಿಯಲ್ಲಿ ಎಂಟು ಜನ ಅಂದರೆ ಹತ್ತಿರ ಅರ್ಧ ಟನ್. ನಿಂತರೆ ಆ ಭಾರವೆಲ್ಲ ಮೇಲೆ ಹೋಗುತ್ತದೆ. ತಳದಲ್ಲಿ ಕೂತರೆ ಅದೇ ಭಾರ ದೋಣಿಯನ್ನು ನೆಟ್ಟಗೆ ಹಿಡಿಯುತ್ತದೆ. ಕೂತೆವು. ಇಬ್ಬರು ನೀರು ಮೊಗೆಯಲು ಶುರುಮಾಡಿದರು. ದೊಡ್ಡಪ್ಪ ಬಲೆಯ ಒಂದು ಭಾಗವನ್ನು ಹಗ್ಗಕ್ಕೆ ಕಟ್ಟಿ, ಹಗ್ಗದ ತುದಿಯನ್ನು ಮೂತಿಗೆ ಬಿಗಿದು ನೀರಿಗೆ ತಳ್ಳಿದ. ಬಲೆ ನೀರಿನಲ್ಲಿ ಬಿರಿದು ಎಳೆಯತೊಡಗಿತು. ದೋಣಿಯ ಮೂತಿ ನಿಧಾನವಾಗಿ ಗಾಳಿಯ ಕಡೆಗೆ ತಿರುಗಿತು. ಆಮೇಲೆ ಕುಣಿತ ನಿಲ್ಲಲಿಲ್ಲ, ಆದರೆ ನೀರು ಒಳಗೆ ಬರುವುದು ನಿಂತಿತು. ಫ್ಯಾನಿನ ಹಗ್ಗ ಕತ್ತರಿಸಲು ಸಮಯ ಸಿಕ್ಕಿತು. ನಾಡದೋಣಿಯವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಮೂತಿಗೆ ಒಂದು ಗಟ್ಟಿ ಹಗ್ಗ ಸದಾ ಕಟ್ಟಿಟ್ಟಿರಿ. ಆ ಹೊತ್ತಿನಲ್ಲಿ ಹುಡುಕಲು ಆಗುವುದಿಲ್ಲ.

ಚಿಕ್ಕ ದೋಣಿಯಲ್ಲಿ ಕೈ ಯಾವಾಗಲೂ ಎಂಜಿನ್ ಮೇಲೆ ಇರಬೇಕು. ಅಲೆ ಹತ್ತುವಾಗ ಶಕ್ತಿ ಕೊಡು, ನೆತ್ತಿಯ ಹತ್ತಿರ ಕಡಿಮೆ ಮಾಡು. ಇಲ್ಲದಿದ್ದರೆ ದೋಣಿ ಗಾಳಿಯಲ್ಲಿ ಹಾರಿ ಧಡ್ ಅಂತ ಬೀಳುತ್ತದೆ. ನೇರ ಹೋಗುವುದಕ್ಕಿಂತ ಸ್ವಲ್ಪ ಓರೆಯಾಗಿ ಹತ್ತಿದರೆ ಹೊಡೆತ ಕಮ್ಮಿ. ಆದರೆ ಒಮ್ಮೆಲೇ ಪೂರ್ತಿ ನಿಲ್ಲಿಸಬಾರದು. ನಮ್ಮ ದೋಣಿಯೇ ಎಬ್ಬಿಸಿದ ಅಲೆ ಹಿಂದಿನಿಂದ ಬಂದು ಎಂಜಿನ್ ಇರುವ ತಗ್ಗು ಜಾಗದಲ್ಲಿ ಒಳಗೆ ನುಗ್ಗುತ್ತದೆ. ಹೊಸಬರು ಹೆದರಿ ಇದನ್ನೇ ಮಾಡುತ್ತಾರೆ.

ದೊಡ್ಡ ಬೋಟಿಗೆ ಬಂದ ಮೊದಲ ವಾರ ನನಗೆ ಆಶ್ಚರ್ಯವಾಯಿತು. ಅದೇ ಮೂರು ಸೆಕೆಂಡಿನ ಅಲೆ. ಬೋಟು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಒಳಗೆ ಅನ್ನ ಬೇಯುತ್ತಿತ್ತು. ಕಾರಣ ಆಮೇಲೆ ಗೊತ್ತಾಯಿತು. ಆಳದ ನೀರಿನಲ್ಲಿ ಅಲೆಯ ಉದ್ದ ತಿಳಿಯಲು ಸುಲಭ ಲೆಕ್ಕವಿದೆ. ಒಂದು ನೆತ್ತಿಯಿಂದ ಇನ್ನೊಂದು ನೆತ್ತಿ ಬರಲು ಎಷ್ಟು ಸೆಕೆಂಡ್ ನೋಡಿ. ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಒಂದೂವರೆಯಿಂದ ಗುಣಿಸಿ. ಬರುವುದು ಹೆಚ್ಚುಕಮ್ಮಿ ಮೀಟರ್ ಲೆಕ್ಕದ ಉದ್ದ. ಮೂರು ಸೆಕೆಂಡಿನ ಅಲೆ 13–14 ಮೀಟರ್. 9 ಮೀಟರಿನ ದೋಣಿಗೆ ಅದು ಏರಿ ಇಳಿಯುವ ಗುಡ್ಡ. 21 ಮೀಟರಿನ ಬೋಟು ಒಂದರ ನೆತ್ತಿಯಿಂದ ಮುಂದಿನದರ ನೆತ್ತಿಗೆ ಸೇತುವೆಯ ಹಾಗೆ ಮಲಗುತ್ತದೆ.

ಆದರೆ ನಾಲ್ಕೈದು ಸೆಕೆಂಡಿನ ಅಲೆ ಎಬ್ಬಿಸುವ ಗಾಳಿ ಬರಲಿ, ಆಟ ಬದಲಾಗುತ್ತದೆ. ಆಗ ಅಲೆ 25ರಿಂದ 38 ಮೀಟರ್. ನನ್ನ ಬೋಟಿಗಿಂತ ಸ್ವಲ್ಪ ಉದ್ದ, ಇಲ್ಲವೇ ಹತ್ತಿರ ಎರಡರಷ್ಟು. ಮೂತಿ ಮುಳುಗುತ್ತದೆ, ಹಿಂದೆ ಫ್ಯಾನು ಮೇಲೆದ್ದು ಎಂಜಿನ್ ಕಿರುಚುತ್ತದೆ. ಆಗ ನಾನು ವೇಗ ಇಳಿಸಿ 20–30 ಡಿಗ್ರಿ ಓರೆ ಹಿಡಿಯುತ್ತೇನೆ. ಓರೆ ಹೋದರೆ ಅದೇ ಅಲೆ ಬೋಟಿಗೆ ಉದ್ದವಾಗಿ ಸಿಗುತ್ತದೆ. ಇನ್ನು ಹತ್ತು ಸೆಕೆಂಡಿನ ಅಲೆ ಬಂದರೆ, ಅದು 150 ಮೀಟರ್. ಎರಡು ಮೀಟರ್ ಎತ್ತರವಿದ್ದರೂ ದೋಣಿ, ಬೋಟು ಎರಡೂ ತೊಟ್ಟಿಲಿನ ಹಾಗೆ ಏರಿ ಇಳಿಯುತ್ತವೆ, ಅಷ್ಟೇ. ಅದಕ್ಕೇ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕೊಡುವ ಅಲೆಯ ಮುನ್ಸೂಚನೆಯಲ್ಲಿ ಎತ್ತರ ಒಂದನ್ನೇ ನೋಡಬೇಡಿ ಎಂದು ನಾನು ಹುಡುಗರಿಗೆ ಬೇಡಿಕೊಳ್ಳುವುದು. ಪಕ್ಕದಲ್ಲಿರುವ ಸೆಕೆಂಡನ್ನೂ ನೋಡಿ. ಅದರಿಂದ ಬರುವ ಅಲೆಯ ಉದ್ದವನ್ನು ನಿಮ್ಮ ದೋಣಿಯ ಉದ್ದಕ್ಕೆ ಹೋಲಿಸಿ.

ಮಗುಚುವ ಮಾತಿಗೆ ಬಂದರೆ ದೊಡ್ಡದಕ್ಕೆ ನಿಜವಾಗಿಯೂ ಲಾಭವಿದೆ. ಉದ್ದ, ಅಗಲ, ಆಳ ಎಲ್ಲ ಎರಡರಷ್ಟಾದರೆ ತೂಕ ಎಂಟರಷ್ಟಾಗುತ್ತದೆ, ವಾಲಿದಾಗ ನೆಟ್ಟಗಾಗುವ ಬಲ ಹದಿನಾರರಷ್ಟು. 1979ರಲ್ಲಿ ಫಾಸ್ಟ್‌ನೆಟ್ ಎಂಬ ಹಾಯಿದೋಣಿ ಸ್ಪರ್ಧೆಯಲ್ಲಿ ಬಿರುಗಾಳಿಗೆ ಸಿಕ್ಕಿ 15 ಸ್ಪರ್ಧಿಗಳು ಸತ್ತರು. ಆಮೇಲೆ ಇಂಗ್ಲೆಂಡಿನಲ್ಲಿ ಮಾದರಿ ದೋಣಿಗಳನ್ನು ತೊಟ್ಟಿಯಲ್ಲಿಟ್ಟು ಪರೀಕ್ಷೆ ಮಾಡಿದರು. ದೋಣಿಯ ಉದ್ದದ ಸುಮಾರು 30 ಶೇಕಡಾ ಎತ್ತರದ ಅಲೆ ಒಡೆದು ಬದಿಗೆ ಬಡಿದರೆ ಮಗುಚಬಹುದು ಎಂದು ಕಂಡುಬಂತು. ನಮ್ಮ ದೋಣಿಗಳು ಹಾಯಿದೋಣಿಗಳಲ್ಲ, ಆದರೂ ಲೆಕ್ಕ ಹಾಕಿ ನೋಡಿದೆ. 30 ಅಡಿಗೆ ಸುಮಾರು 2.7 ಮೀಟರ್, ಜುಲೈಯಲ್ಲಿ ಸಿಗುವ ಅಲೆ. 70 ಅಡಿಗೆ ಆರು ಮೀಟರಿಗಿಂತ ಜಾಸ್ತಿ. ಅಂಥದ್ದನ್ನು ನಾನು ನೋಡಿಲ್ಲ.

ಈ ಲಾಭವನ್ನು ನಾವೇ ಹಾಳು ಮಾಡಿಕೊಳ್ಳುತ್ತೇವೆ ಎನ್ನುವುದು ನನಗೆ ಬಹಳ ಬೇಸರದ ವಿಷಯ. ಕ್ಯಾಬಿನ್ ಮೇಲೆ ಬಲೆ, ಡ್ರಮ್ಮು, ಹಗ್ಗ. ಡೆಕ್ ಮೇಲೆ ಮೀನಿನ ರಾಶಿ. ಬೋಟು ಒಂದು ಬದಿಗೆ ವಾಲಿ ವಾಪಸ್ ಬರಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಹೊರಡುವಾಗಲೇ ಎಣಿಸಿ ನೆನಪಿಟ್ಟುಕೊಳ್ಳಿ. ಬರುವಾಗ ಅದು ನಿಧಾನವಾಗಿದ್ದರೆ, ಹಾಯಾಗಿ ತೂಗಿದ ಹಾಗೆ ಅನಿಸಿದರೆ, ಅದು ಒಳ್ಳೆಯದಲ್ಲ. ಮೇಲೆ ಭಾರ ಜಾಸ್ತಿಯಾಗಿದೆ, ಅಥವಾ ಒಳಗೆ ಐಸ್ ಕರಗಿದ ನೀರು ಆಚೆಯಿಂದ ಈಚೆ ಓಡುತ್ತಿದೆ ಎಂದರ್ಥ. ನಾನು ಮೊದಲು ನೀರು ಪಂಪ್ ಮಾಡಿಸುತ್ತೇನೆ. ಆಮೇಲೆ ಮೇಲಿನದ್ದನ್ನೆಲ್ಲ ಕೆಳಗೆ ಇಳಿಸುತ್ತೇನೆ.

ದೊಡ್ಡ ಬೋಟಿನಲ್ಲಿ ನಾನು ಹೆದರಿದ್ದು ಹೊರಗಲ್ಲ, ನದಿ ಕಡಲು ಸೇರುವ ಅಳಿವೆಯಲ್ಲಿ. ಗಂಗೊಳ್ಳಿಯಲ್ಲಿ ಐದು ನದಿಗಳು ಸೇರಿ ಕಡಲಿಗೆ ಬೀಳುತ್ತವೆ. ಮಳೆಗಾಲದ ನೀರು ಹೊತ್ತು ತಂದ ಮರಳು ಅಳಿವೆಯ ಬಾಗಿಲಿನಲ್ಲೇ ಕೂರುತ್ತದೆ. ಒಂದು ಸೆಪ್ಟೆಂಬರ್ ಸಂಜೆ ಮೀನು ತುಂಬಿಕೊಂಡು ಬಂದಿದ್ದೆ. ಇಳಿತದ ಹೊತ್ತು. ಹೊರಗೆ ಓಡುವ ನದಿ ನೀರು ಒಳಗೆ ಬರುವ ಅಲೆಗೆ ಎದುರಾದರೆ ಅಲೆಯ ಉದ್ದ ಕಮ್ಮಿಯಾಗಿ, ಅದು ಕಡಿದಾಗಿ ಎದ್ದು ನಿಲ್ಲುತ್ತದೆ. ನನ್ನ ಮುಂದೆ ಎರಡು ನಾಡದೋಣಿ ಸುಲಭವಾಗಿ ಒಳಗೆ ಹೋದವು. ಅವು ಹೋದವು, ನನ್ನದು ಇಷ್ಟು ದೊಡ್ಡ ಬೋಟು, ಏನಾಗುತ್ತದೆ ಅಂದುಕೊಂಡೆ. ತಪ್ಪು ಪೂರ್ತಿ ನನ್ನದು.

ತುಂಬಿದ ಬೋಟು ನೀರಿನೊಳಗೆ ಎರಡು ಮೀಟರಿಗಿಂತ ಜಾಸ್ತಿ ಇಳಿದಿರುತ್ತದೆ. ಬಾಗಿಲಿನಲ್ಲಿ ಮೂರು ಮೀಟರ್ ನೀರು ಇದ್ದರೂ ಎರಡು ಅಲೆಗಳ ನಡುವಿನ ತಗ್ಗಿನಲ್ಲಿ ಅಷ್ಟಿರುವುದಿಲ್ಲ. ತಳ ಮರಳಿಗೆ ತಾಗಿತು. ಮೂರು ಮೀಟರ್ ಆಳದಲ್ಲಿ ಅಲೆ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿ ಬರುತ್ತದೆ, ನನ್ನ ಬೋಟು ಆಗ 14ರಲ್ಲಿತ್ತು. ಹಿಂದಿನ ಅಲೆ ಬಂದು ಬೋಟಿನ ಹಿಂಭಾಗವನ್ನು ಎತ್ತಿತು. ಚುಕ್ಕಾಣಿ ತಿರುಗಿಸಿದೆ, ಹಿಡಿತವೇ ಇಲ್ಲ. ಅಲೆಯ ನೆತ್ತಿಯಲ್ಲಿ ನೀರೂ ಬೋಟಿನ ಜೊತೆಗೇ ಮುಂದೆ ಓಡುತ್ತದೆ, ಚುಕ್ಕಾಣಿಗೆ ಒತ್ತಲು ಏನೂ ಸಿಗುವುದಿಲ್ಲ. ಬೋಟು ಅಡ್ಡ ತಿರುಗತೊಡಗಿತು. ಪೂರ್ತಿ ಎಂಜಿನ್ ಕೊಟ್ಟೆ. ಮುಂದಿನ ಅಲೆ ಎತ್ತಿದಾಗ ಮರಳಿನಿಂದ ಬಿಟ್ಟುಕೊಂಡು ಒಳಗೆ ಜಾರಿದೆವು. ಆ ಅಲೆ ಸ್ವಲ್ಪ ಚಿಕ್ಕದಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಅದೇ ಜಾಗದಲ್ಲಿ ನಾಡದೋಣಿಗೆ ಮೊಣಕಾಲಿಗಿಂತ ಸ್ವಲ್ಪ ಜಾಸ್ತಿ ನೀರಿದ್ದರೆ ಸಾಕು. ಅಲೆ ಒಡೆಯದ ಅಂಚು ಹುಡುಕಿ ನುಸುಳುತ್ತದೆ. ಹಿಂದೆ ದೊಡ್ಡ ಅಲೆ ಕಂಡರೆ ತನ್ನ ಉದ್ದದಷ್ಟೇ ಜಾಗದಲ್ಲಿ ತಿರುಗಿ ಮೂತಿ ಕೊಡುತ್ತದೆ. 70 ಅಡಿಯ ಬೋಟು ಅಳಿವೆಯೊಳಗೆ ತಿರುಗಲು ಹೋದರೆ ಮುಗಿಯಿತು.

ಈಗ ನಾನು ಇಳಿತದಲ್ಲಿ ಒಳಗೆ ಬರುವುದಿಲ್ಲ. ಹತ್ತು ಮಾರು ನೀರಿನಲ್ಲಿ ಮೂತಿ ಹೊರಕ್ಕೆ ಮಾಡಿ, ಎಂಜಿನ್ ನಿಧಾನಕ್ಕೆ ಬಿಟ್ಟು ಭರತ ಏರುವವರೆಗೆ ನಿಲ್ಲುತ್ತೇನೆ. ನಾಡದೋಣಿಗಳು ಪಕ್ಕದಲ್ಲೇ ಒಳಗೆ ಹೋಗುತ್ತವೆ, ಕಲಾಸಿಗಳು ನನ್ನ ಮುಖ ನೋಡುತ್ತಾರೆ. ಒಳಗೆ ಹೋಗುವ ಮುಂಚೆ ಕಡಿಮೆ ಅಂದರೆ ಕಾಲು ಗಂಟೆ ಅಲೆ ಎಣಿಸುತ್ತೇನೆ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ಗುಂಪಿನ ಕೊನೆಯದರ ಬೆನ್ನಿಗೆ ಹೊರಡುತ್ತೇನೆ. ಕಾಯಲು ಮನಸ್ಸು ಬರಲಿ ಎಂದು ಪ್ರತಿ ಟ್ರಿಪ್ಪಿನಲ್ಲೂ ಇನ್ನೊಂದು ದಿನಕ್ಕೆ ಸಾಲುವಷ್ಟು ಐಸ್ ಉಳಿಸಿಕೊಂಡೇ ಬರುತ್ತೇನೆ.