ಅಡಿಕೆ ಲಾಟಿನ ನಿಯಮಗಳನ್ನು ಕ್ಲಾಸಿನೊಳಗೆ ಬರೆಯುವ ಬಗೆ

ಶಿವಮೊಗ್ಗದ ಅಡಿಕೆ ಮಾರುಕಟ್ಟೆಯಲ್ಲಿ ವಹಿವಾಟು ನಡೆಸುವ ಸಹಕಾರ ಸಂಘವೊಂದಕ್ಕೆ ತಂತ್ರಾಂಶ ಬರೆಯುತ್ತಿದ್ದೀರಿ ಎಂದುಕೊಳ್ಳಿ. ಲಾಟಿನ, ಅಂದರೆ ಒಟ್ಟಾಗಿ ಮಾರುವ ಅಡಿಕೆಯ ಗುಂಪಿನ, ತೂಕ ಸೊನ್ನೆಗಿಂತ ಹೆಚ್ಚಿರಬೇಕು. ರಾಶಿ, ಬೆಟ್ಟೆ, ಸರಕು, ಗೊರಬಲು ಇವುಗಳಲ್ಲಿ ಒಂದು ದರ್ಜೆ ನಮೂದಾಗಿರಬೇಕು. ಒಮ್ಮೆ ಮಾರಿದ ಲಾಟನ್ನು ಮತ್ತೆ ಮಾರುವಂತಿಲ್ಲ. ದಾಸ್ತಾನಿನ ಮೇಲೆ ಕೊಡುವ ಮುಂಗಡವು ಆಡಳಿತ ಮಂಡಳಿ ಗೊತ್ತುಪಡಿಸಿದ ಪಾಲನ್ನು ಮೀರಬಾರದು. ಇವನ್ನೆಲ್ಲ ಪರದೆಯ ಫಾರಂನಲ್ಲೇ ಪರೀಕ್ಷಿಸಿ ಕೈತೊಳೆದುಕೊಳ್ಳುವುದು ವಾಡಿಕೆಯಾದರೂ, ನಾಳೆ ಎಕ್ಸೆಲ್ ಕಡತದಿಂದಲೋ ಮೊಬೈಲ್ ಆ್ಯಪ್‌ನಿಂದಲೋ ಮಾಹಿತಿ ಬಂದಾಗ ಆ ಪರೀಕ್ಷೆಗಳು ಲೆಕ್ಕಕ್ಕೇ ಬರುವುದಿಲ್ಲ.

ಆದ್ದರಿಂದ ಮೊದಲು ಪ್ರತಿ ನಿಯಮದ ಆಯುಷ್ಯವನ್ನು ವಿಚಾರಿಸಿ; ಅದರ ಜಾಗ ಬಹುಮಟ್ಟಿಗೆ ಅದರಿಂದಲೇ ತೀರ್ಮಾನವಾಗುತ್ತದೆ.

ಲಾಟಿನ ಮಾಹಿತಿಯನ್ನೂ ಅದರ ಮೇಲಿನ ಕ್ರಿಯೆಗಳನ್ನೂ ಒಂದೆಡೆ ಇಡುವ ಕೋಡ್ ಅಚ್ಚೇ ಕ್ಲಾಸ್; ಅದರಿಂದ ತಯಾರಾಗುವ ಒಂದೊಂದು ಲಾಟೂ ಒಂದು ಆಬ್ಜೆಕ್ಟ್. ಎಂದೂ ಬದಲಾಗದ ತೂಕ, ದರ್ಜೆಗಳ ನಿಯಮಗಳನ್ನು, ಆಬ್ಜೆಕ್ಟ್ ತಯಾರಾಗುವಾಗ ಓಡುವ ಕನ್‌ಸ್ಟ್ರಕ್ಟರ್‌ನಲ್ಲಿಡಿ. ದರ್ಜೆಗೆ ಏನನ್ನಾದರೂ ಬರೆಯಬಹುದಾದ ಸ್ಟ್ರಿಂಗ್ (ಅಕ್ಷರಸಾಲು) ಬದಲು, ಗೊತ್ತುಪಡಿಸಿದ ಹೆಸರುಗಳನ್ನಷ್ಟೇ ಒಪ್ಪುವ ಎನಮ್ ಬಳಸಿ; ತೂಕಕ್ಕೆ ಪ್ರತ್ಯೇಕ ಕ್ಲಾಸ್ ಮಾಡಿದರೆ ಕಿಲೋ ಮತ್ತು ಕ್ವಿಂಟಾಲ್‌ಗಳ ಗೊಂದಲವೂ ತಪ್ಪುತ್ತದೆ. ಬರ್ಟ್ರಂಡ್ ಮೇಯರ್ 1980ರ ದಶಕದಲ್ಲಿ ಐಫೆಲ್ ಭಾಷೆಯ ಮೂಲಕ ಮುಂದಿಟ್ಟ ಕರಾರು ಪದ್ಧತಿಯಲ್ಲಿ (ಡಿಸೈನ್ ಬೈ ಕಾಂಟ್ರಾಕ್ಟ್) ಇಂಥ ಸದಾ ನಿಜವಾಗಿರಬೇಕಾದ ನಿಯಮಗಳನ್ನು ಇನ್‌ವೇರಿಯೆಂಟ್ ಎನ್ನುತ್ತಾರೆ. ಮರುಮಾರಾಟದ ನಿಷೇಧವಾದರೋ ಲಾಟಿನ ಸ್ಥಿತಿಯನ್ನು ಅವಲಂಬಿಸಿದ್ದು, ‘ಮಾರು’ ಎಂಬ ಮೆಥಡ್‌ನ (ಕ್ಲಾಸಿನೊಳಗಿನ ಕ್ರಿಯೆಯ) ಪೂರ್ವಷರತ್ತಾಗುತ್ತದೆ. ಸ್ಥಿತಿಯನ್ನು ನೇರವಾಗಿ ಬದಲಿಸುವ ಸೆಟ್ಟರ್ ಒಂದು ಉಳಿದುಬಿಟ್ಟರೂ ಆ ಷರತ್ತಿಗೆ ಬೆಲೆಯಿಲ್ಲ.

ನಿಜವಾದ ತೊಡಕಿರುವುದು ಮುಂಗಡದ ನಿಯಮದಲ್ಲಿ, ಏಕೆಂದರೆ ಮಂಡಳಿಯ ಸಭೆ ನಡೆದಾಗ ಅದು ಬದಲಾಗಬಹುದು. ಶೇಕಡಾವಾರನ್ನು ಲಾಟ್ ಕ್ಲಾಸಿನೊಳಗೆ ಅಂಕಿಯಾಗಿ ಬರೆಯದೆ, ‘ಮುಂಗಡ ನೀತಿ’ ಎಂಬ ಪ್ರತ್ಯೇಕ ಆಬ್ಜೆಕ್ಟ್ ರಚಿಸಿ, ಜಾರಿಯಾದ ದಿನಾಂಕವನ್ನೂ ಅದರಲ್ಲೇ ಇರಿಸಿ. ಆಗ ಹಿಂದಿನ ವರ್ಷಗಳ ಮುಂಗಡಗಳನ್ನು ಆ ಕಾಲದ ನೀತಿಯಿಂದಲೇ ಪರಿಶೀಲಿಸಬಹುದು. ಆ ಆಬ್ಜೆಕ್ಟ್ ಬರಿಯ ಹೌದು-ಅಲ್ಲ ಎನ್ನದೆ ನಿರಾಕರಣೆಯ ಕಾರಣವನ್ನೂ ಹಿಂದಿರುಗಿಸಲಿ, ಏಕೆಂದರೆ ಕೌಂಟರಿನಲ್ಲಿ ನಿಂತ ಬೆಳೆಗಾರರಿಗೆ ಗುಮಾಸ್ತರು ಉತ್ತರ ಹೇಳಬೇಕಾಗುತ್ತದೆ. ಹಣವನ್ನು, ದಶಮಾಂಶಗಳನ್ನು ಅಂದಾಜಾಗಿ ಇಡುವ ಫ್ಲೋಟ್‌ನಲ್ಲಿ ಲೆಕ್ಕ ಹಾಕದೆ ಪೈಸೆಗಳ ಪೂರ್ಣಾಂಕದಲ್ಲಿಡಿ.

ವಿನ್ಯಾಸ ಚಿತ್ರಗಳಲ್ಲಿ ಈ ನಿಯಮಗಳನ್ನು ದಾಖಲಿಸಲು, ತಂತ್ರಾಂಶದ ಚಿತ್ರಗಳನ್ನು ಬರೆಯುವ ಯುಎಂಎಲ್ ಪದ್ಧತಿಯಲ್ಲಿ ಒಸಿಎಲ್ ಎಂಬ ನಿಯಮ ಭಾಷೆಯಿದೆ. ಸಣ್ಣ ತಂಡಕ್ಕೆ ಅದಕ್ಕಿಂತ, ನಿಯಮಕ್ಕೊಂದರಂತೆ ಕೋಡ್‌ನಲ್ಲಿ ಬರೆದ ಪರೀಕ್ಷೆಗಳೇ ಹೆಚ್ಚು ಉಪಯುಕ್ತವೆಂಬುದು ನನ್ನ ಅಭಿಪ್ರಾಯ.

ಕೆಲವು ನಿಯಮಗಳನ್ನು ಒಂದೇ ಆಬ್ಜೆಕ್ಟ್ ಕಾಯಲಾರದು. ಲಾಟ್ ಸಂಖ್ಯೆ ಪುನರಾವರ್ತನೆಯಾಗದಂತೆ ತಡೆಯುವುದು ಒಂದೇ ಮೌಲ್ಯ ಎರಡು ಬಾರಿ ಬರಗೊಡದ ಡೇಟಾಬೇಸಿನ ಯುನೀಕ್ ನಿರ್ಬಂಧದ ಕೆಲಸ. ಸಾಗರ ಮತ್ತು ತೀರ್ಥಹಳ್ಳಿಯ ಶಾಖೆಗಳಿಂದ ಒಂದೇ ಲಾಟನ್ನು ಏಕಕಾಲಕ್ಕೆ ಮಾರಲು ಹೊರಟರೆ, ಎರಡೂ ಕಡೆಯ ಪ್ರತಿಗಳು ಅದನ್ನು ಮಾರದ ಲಾಟೆಂದೇ ತಿಳಿದಿರುತ್ತವೆ. ದಾಖಲೆಯಲ್ಲಿ ಆವೃತ್ತಿ ಸಂಖ್ಯೆಯಿಟ್ಟು, ಉಳಿಸುವಾಗ ಅದು ಬದಲಾಗಿದ್ದರೆ ಎರಡನೆಯ ಮಾರಾಟವನ್ನು ತಿರಸ್ಕರಿಸಬೇಕು.