ಹೆಪ್ಪು ಹಾಕಿದ ಪಾತ್ರೆ ಅಲ್ಲಾಡಿಸಬಾರದು: ಗ್ಯಾಂಗ್ಲಿಯನ್ ಕಲ್ಚರ್‌ನಲ್ಲಿ ನನ್ನ ಅನುಭವ

ಮೊದಲ ಎರಡು ತಿಂಗಳು ನಾನು ಡಿಶ್‌ಗೆ, ಅಂದರೆ ಕೋಶ ಬೆಳೆಸುವ ಪುಟ್ಟ ತಟ್ಟೆಗೆ, ಹಾಕಿದ್ದೆಲ್ಲ ತೇಲಿತು. ಒಂದೂ ಅಂಟಲಿಲ್ಲ. ಆಗಷ್ಟೇ ಬೆಂಗಳೂರಿನ ಒಂದು ಲ್ಯಾಬ್‌ಗೆ ಪಿಎಚ್‌ಡಿಗೆ ಸೇರಿದ್ದೆ. ಕೋಳಿ ಭ್ರೂಣದ ಡಾರ್ಸಲ್ ರೂಟ್ ಗ್ಯಾಂಗ್ಲಿಯನ್, ಅಂದರೆ ಬೆನ್ನುಹುರಿಯ ಪಕ್ಕ ಕೂತಿರುವ ನರದ ಗಂಟು, ಅದನ್ನು ಬಿಡಿ ಕೋಶಗಳಾಗಿ ಒಡೆಯದೆ ಇಡಿಯಾಗಿ ಬೆಳೆಸಬೇಕಿತ್ತು. ಇದಕ್ಕೇ ಎಕ್ಸ್‌ಪ್ಲಾಂಟ್ ಕಲ್ಚರ್ ಅನ್ನುವುದು. ಓದಿದಾಗ ಸುಲಭ ಅನಿಸಿತ್ತು.

ಅಂಗಡಿ ಮೊಟ್ಟೆ ಇದಕ್ಕೆ ಬರುವುದಿಲ್ಲ. ಹುಂಜವೇ ಇಲ್ಲದ ಫಾರಂನ ಮೊಟ್ಟೆಗೆ ಎಷ್ಟು ಕಾವು ಕೊಟ್ಟರೂ ಮರಿ ಕಟ್ಟಲ್ಲ. ಹ್ಯಾಚರಿಯಿಂದ ಮರಿಯಾಗುವ ಮೊಟ್ಟೆಯನ್ನೇ ತರಬೇಕು. ಸುಮಾರು 38 ಡಿಗ್ರಿಯಲ್ಲಿ ಕಾವಿಗೆ ಇಟ್ಟು, ನಾಲ್ಕೈದನೇ ದಿನ ಕತ್ತಲೆ ಕೋಣೆಯಲ್ಲಿ ಹಿಂದಿನಿಂದ ಟಾರ್ಚ್ ಹಿಡಿದರೆ ಕೆಂಪು ರಕ್ತನಾಳಗಳು ಜೇಡರ ಬಲೆ ಥರ ಕಾಣುತ್ತವೆ. ಕಾಣಲಿಲ್ಲವಾ, ಆ ಮೊಟ್ಟೆ ಪಕ್ಕಕ್ಕೆ.

ನಾನು ತೆಗೆಯುವುದು ಎಂಟನೇ ದಿನ. ಚಿಪ್ಪನ್ನು ಶೇಕಡಾ 70ರ ಆಲ್ಕೋಹಾಲ್‌ನಲ್ಲಿ ಒರೆಸಿ, ಆರಿದ ಮೇಲೆ ದಪ್ಪ ತುದಿಯಲ್ಲಿ ಒಡೆಯುತ್ತೇನೆ. ಭ್ರೂಣ ಹೊರಬಂದ ಕೂಡಲೇ ತಲೆ ಬೇರ್ಪಡಿಸುವುದು ಮೊದಲ ಕೆಲಸ. ಆ ದೊಡ್ಡ ಕಪ್ಪು ಕಣ್ಣು ನೋಡಿ ಮೊದಲ ಸಲ ನನ್ನ ಕೈ ನಿಂತೇ ಹೋಗಿತ್ತು. ಆಮೇಲೆ ಅಂಗಾತ ಮಲಗಿಸಿ, ಹೊಟ್ಟೆಯೊಳಗಿನದ್ದೆಲ್ಲ ತೆಗೆದರೆ ಬೆನ್ನುಮೂಳೆ ಕಾಣುತ್ತದೆ. ಅದರ ಎರಡೂ ಪಕ್ಕದಲ್ಲಿ ಸಾಲಾಗಿ ಗ್ಯಾಂಗ್ಲಿಯಾ, ಅಂದರೆ ನಮಗೆ ಬೇಕಾದ ಗಂಟುಗಳು. ಕಾಲಿನ ಮಟ್ಟದಲ್ಲಿರುವವು ಸ್ವಲ್ಪ ದೊಡ್ಡವು, ದೊಡ್ಡವು ಅಂದರೂ ರಾಗಿ ಕಾಳಿಗಿಂತ ಚಿಕ್ಕವು. ಅವಕ್ಕೂ ಮುಂದೆ, ಹೊಟ್ಟೆಯ ಕಡೆಗೆ, ಸಿಂಪಥೆಟಿಕ್ ಗ್ಯಾಂಗ್ಲಿಯಾ ಅನ್ನುವ ಬೇರೆ ಜಾತಿಯ ನರದ ಗಂಟುಗಳ ಇನ್ನೊಂದು ಸಾಲು ಇದೆ. ಹೊಸಬರು ಕೀಳುವುದು ಅದನ್ನೇ. ನಾನೂ ಅದನ್ನೇ ಕಿತ್ತಿದ್ದೆ, ಒಂದು ವಾರ ಪೂರ್ತಿ.

ಸಣ್ಣ ಚಿಮಟ ಎರಡು ಸಾಕು, ಆದರೆ ತುದಿ ಸರಿಯಾಗಿ ಕೂಡಬೇಕು. ಅಂಟಿಕೊಂಡ ಚೂರುಪಾರು ಬಿಡಿಸಲು ಇನ್ಸುಲಿನ್ ಸಿರಿಂಜ್‌ನ ಸೂಜಿ ಬಳಸುತ್ತೇನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ವಿಜ್ಞಾನಿ ರೀಟಾ ಲೆವಿ-ಮೊಂಟಾಲ್ಚಿನಿ ಮಲಗುವ ಕೋಣೆಯನ್ನೇ ಲ್ಯಾಬ್ ಮಾಡಿಕೊಂಡು, ಹೊಲಿಗೆ ಸೂಜಿ ಚೂಪು ಮಾಡಿ ಕೋಳಿ ಭ್ರೂಣದ ಮೇಲೆ ಕೆಲಸ ಮಾಡಿದ್ದರು. ಮುಂದೆ ನರದ ಎಳೆ ಬೆಳೆಯುವಂತೆ ಮಾಡುವ ಪ್ರೋಟೀನ್ ನರ್ವ್ ಗ್ರೋತ್ ಫ್ಯಾಕ್ಟರ್, ಅಂದರೆ ಎನ್‌ಜಿಎಫ್, ಅದರ ಕೆಲಸಕ್ಕೆ ಸ್ಟ್ಯಾನ್ಲಿ ಕೋಹೆನ್ ಜೊತೆ 1986ರಲ್ಲಿ ನೊಬೆಲ್ ಬಂತು. ಅದೇ ಎನ್‌ಜಿಎಫ್ ಈಗ ನಮ್ಮ ಫ್ರೀಜರ್‌ನಲ್ಲಿ ಸಣ್ಣ ಟ್ಯೂಬ್‌ಗಳಲ್ಲಿ ಕೂತಿದೆ, ಬೆಲೆ ಕೇಳಬೇಡಿ.

ಇನ್ನು ತೇಲುವ ಕಥೆಗೆ ಬರೋಣ. ಮೊದಲು ಕೋಟಿಂಗ್ ಮೇಲೆ, ಅಂದರೆ ಗ್ಯಾಂಗ್ಲಿಯನ್ ಅಂಟಲೆಂದು ಗಾಜಿಗೆ ಕೊಡುವ ಲೇಪದ ಮೇಲೆ, ಅನುಮಾನ ಬಂತು. ಡಿಶ್‌ನೊಳಗಿನ ಗಾಜಿಗೆ ಪಾಲಿ-ಲೈಸಿನ್ ಹಚ್ಚಿ, ನೀರಲ್ಲಿ ಮೂರು ಸಲ ತೊಳೆದು (ಉಳಿದರೆ ಕೋಶಗಳಿಗೆ ವಿಷ), ಮೇಲೆ ಲ್ಯಾಮಿನಿನ್ ಅನ್ನುವ ಪ್ರೋಟೀನ್ ಹಾಕಬೇಕು. ಲ್ಯಾಮಿನಿನ್ ಫ್ರಿಜ್‌ನಲ್ಲೇ ನಿಧಾನಕ್ಕೆ ಕರಗಬೇಕು, ಬೇಗ ಬಿಸಿಯಾದರೆ ಜೆಲ್ ಆಗಿಬಿಡುತ್ತದೆ. ನಾನು ಆತುರಕ್ಕೆ ಟ್ಯೂಬನ್ನು ಅಂಗೈಯಲ್ಲಿ ಉಜ್ಜಿ ಕರಗಿಸುತ್ತಿದ್ದೆ. ಅದನ್ನು ನಿಲ್ಲಿಸಿದೆ. ಹಚ್ಚಿದ ಮೇಲೆ ಒಣಗಲೂ ಬಿಡಲಿಲ್ಲ. ಆದರೂ ತೇಲಿದವು.

ಒಂದು ರಾತ್ರಿ ಫೋನ್‌ನಲ್ಲಿ ಅಮ್ಮನ ಹತ್ತಿರ ಗೋಳು ಹೇಳಿಕೊಳ್ಳುತ್ತಿದ್ದೆ. ಅರ್ಧ ಗಂಟೆಗೊಂದು ಸಲ ಡಿಶ್ ತೆಗೆದು ಮೈಕ್ರೋಸ್ಕೋಪ್ ಕೆಳಗೆ ನೋಡ್ತೀನಮ್ಮ, ಏನೂ ಆಗಿರಲ್ಲ ಅಂದೆ. ಅಮ್ಮ ತಟ್ಟನೆ, "ಹೆಪ್ಪು ಹಾಕಿದ ಪಾತ್ರೆನ ಗಳಿಗೆಗೊಂದು ಸಲ ಅಲ್ಲಾಡಿಸಿದ್ರೆ ಮೊಸರು ಗಟ್ಟಿ ಆಗುತ್ತೇನೇ?" ಅಂದಳು.

ಹೌದಲ್ವಾ! ನಾನು ಡಿಶ್ ತುಂಬ ಎರಡು ಎಂಎಲ್ ಮೀಡಿಯಾ, ಅಂದರೆ ಕೋಶ ಬೆಳೆಸುವ ಪೋಷಕ ದ್ರವ, ಸುರಿಯುತ್ತಿದ್ದೆ, ಮೇಲಿಂದ ಕಾರಿಡಾರ್ ಉದ್ದಕ್ಕೂ ಅದನ್ನು ಹೊತ್ತು ಓಡಾಡುತ್ತಿದ್ದೆ. ಗ್ಯಾಂಗ್ಲಿಯನ್‌ಗೆ ಗಾಜು ಮುಟ್ಟಿ ಕೂರಲು ಪುರುಸೊತ್ತೆಲ್ಲಿ? ಈಗ ಗಾಜಿನ ನಡುವೆ 100ರಿಂದ 150 ಮೈಕ್ರೋಲೀಟರ್ ಮೀಡಿಯಾದ ಹನಿ ಮಾತ್ರ. ಅದರಲ್ಲಿ ಗ್ಯಾಂಗ್ಲಿಯನ್ ಬಿಟ್ಟರೆ ತೆಳು ನೀರೇ ಅದನ್ನು ಗಾಜಿಗೆ ಒತ್ತಿ ಹಿಡಿಯುತ್ತದೆ. ಹನಿ ಆರದ ಹಾಗೆ ಪಕ್ಕದಲ್ಲಿ ಒದ್ದೆ ಟಿಶ್ಯೂ ಇಟ್ಟು, ಇನ್‌ಕ್ಯುಬೇಟರ್ ಬಾಗಿಲು ಹಾಕಿ, ಮೂರು ಗಂಟೆ ಅತ್ತ ಸುಳಿಯುವುದಿಲ್ಲ. ಆಮೇಲೆ ಡಿಶ್‌ನ ಅಂಚಿನಿಂದ ನಿಧಾನಕ್ಕೆ ಉಳಿದ ಮೀಡಿಯಾ. ಹಾಗೇ ಗ್ಯಾಂಗ್ಲಿಯನ್ ಎತ್ತಿ ಹಾಕುವ ಪಿಪೆಟ್ ತುದಿಯನ್ನು ಮೊದಲು ಸೀರಂ (ರಕ್ತದ ತಿಳಿ ದ್ರವ) ಇರುವ ಮೀಡಿಯಾದಲ್ಲಿ ನೆನೆಸಿಕೊಳ್ಳಿ, ಇಲ್ಲದಿದ್ದರೆ ಗ್ಯಾಂಗ್ಲಿಯನ್ ಪ್ಲಾಸ್ಟಿಕ್‌ಗೇ ಮೆತ್ತಿಕೊಂಡು ಎಲ್ಲಿ ಹೋಯಿತು ಅಂತ ಹುಡುಕುತ್ತಾ ಕೂರುತ್ತೀರಿ.

ಮೀಡಿಯಾ ವಿಷಯದಲ್ಲಿ ನನ್ನ ವೋಟು ಎಲ್-15ಗೆ. ಅದಕ್ಕೆ ಕಾರ್ಬನ್ ಡೈಆಕ್ಸೈಡ್ ಬೇಡ, ಹಾಗಾಗಿ ಸಿಲಿಂಡರ್ ಶನಿವಾರ ರಾತ್ರಿ ಖಾಲಿಯಾದರೂ ನಿದ್ದೆ ಬರುತ್ತದೆ. ಅದಕ್ಕೆ ಶೇಕಡಾ 10 ಸೀರಂ, ಆಂಟಿಬಯೋಟಿಕ್, ಒಂದು ಎಂಎಲ್‌ಗೆ 20 ನ್ಯಾನೊಗ್ರಾಂ ಎನ್‌ಜಿಎಫ್. ಒಂದು ಡಿಶ್ ಎನ್‌ಜಿಎಫ್ ಇಲ್ಲದೆ ಇಡಲೇಬೇಕು, ಹೋಲಿಸಿ ನೋಡಲು.

ಹಾಗೆ ಇಟ್ಟ ಮೊದಲ ಬ್ಯಾಚ್ ಮರುದಿನ ಬೆಳಿಗ್ಗೆ ನೋಡಿದಾಗ ಕೂಗಿಯೇ ಬಿಟ್ಟೆ. ನಡುವೆ ಕಪ್ಪು ಗಂಟು, ಸುತ್ತ ಎಲ್ಲ ದಿಕ್ಕಿಗೂ ನರದ ಎಳೆಗಳು, ದೇವರ ಪಟದ ಪ್ರಭಾವಳಿ ಹಾಗೆ. ಎಳೆಯ ತುದಿಯಲ್ಲಿ ಗ್ರೋತ್ ಕೋನ್ ಅನ್ನುವ ಪುಟ್ಟ ಅಂಗೈ. ಐದು ನಿಮಿಷಕ್ಕೊಂದು ಚಿತ್ರ ತೆಗೆದು ಜೋಡಿಸಿದರೆ, ಅದು ಕತ್ತಲಲ್ಲಿ ಸ್ವಿಚ್ ತಡಕುವ ಕೈಯ ಹಾಗೆ ಮುಂದೆ ಮುಂದೆ ಹೋಗುತ್ತದೆ. ಎನ್‌ಜಿಎಫ್ ಇಲ್ಲದ ಡಿಶ್‌ನಲ್ಲಿ ಅಲ್ಲೊಂದು ಇಲ್ಲೊಂದು ಎಳೆ, ಅಷ್ಟೇ.

ಮಳೆಗಾಲದಲ್ಲಿ ಬೂಸ್ಟಿನ ಕಾಟ ಇದ್ದೇ ಇದೆ. ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್ ಎರಡೂ ಅದನ್ನು ಮುಟ್ಟಲ್ಲ. ನಮ್ಮಲ್ಲಿ ಅದು ಬರುತ್ತಿದ್ದದ್ದು ಇನ್‌ಕ್ಯುಬೇಟರ್ ತಳದ ನೀರಿನ ತಟ್ಟೆಯಿಂದ, ವಾರಕ್ಕೊಮ್ಮೆ ಬದಲಿಸಿದ ಮೇಲೆ ಕಮ್ಮಿಯಾಯಿತು. ಡಿಶ್‌ಗಳನ್ನು ಜಾಸ್ತಿ ದಿನ ಇಟ್ಟರೆ ಫೈಬ್ರೊಬ್ಲಾಸ್ಟ್‌ಗಳು, ಅಂದರೆ ನರದ್ದಲ್ಲದ ಬೇರೆ ಕೋಶಗಳು, ಹರಡಿಕೊಳ್ಳುತ್ತವೆ, ಹಾಗಾಗಿ ನಾನು 48 ಗಂಟೆಯೊಳಗೆ ಮುಗಿಸುತ್ತೇನೆ.

ಕೊನೆಗೆ ಫಿಕ್ಸ್ ಮಾಡುವಾಗಲೂ, ಅಂದರೆ ಕೋಶಗಳನ್ನು ಇದ್ದ ಆಕಾರದಲ್ಲೇ ರಾಸಾಯನಿಕದಿಂದ ಹಿಡಿದಿಡುವಾಗಲೂ, ಆತುರ ಬೇಡ. ಫ್ರಿಜ್‌ನಿಂದ ತೆಗೆದ ತಣ್ಣನೆಯ ಪ್ಯಾರಾಫಾರ್ಮಾಲ್ಡಿಹೈಡ್ ಸುರಿದು ನಾನು ಒಂದು ಒಳ್ಳೆಯ ಬ್ಯಾಚ್ ಕಳೆದುಕೊಂಡೆ, ಗ್ರೋತ್ ಕೋನ್‌ನ ಅಂಗೈಗಳೆಲ್ಲ ಮುದುಡಿ ಕಡ್ಡಿಯಾಗಿದ್ದವು. ಈಗ ಅದನ್ನೂ 37 ಡಿಗ್ರಿಗೆ ಬೆಚ್ಚಗೆ ಮಾಡಿ, ಇನ್‌ಕ್ಯುಬೇಟರ್ ಪಕ್ಕದಲ್ಲೇ ನಿಂತು, ಡಿಶ್ ಎತ್ತದೆ ಅಂಚಿನಿಂದ ಹನಿ ಹನಿಯಾಗಿ ಬಿಡುತ್ತೇನೆ.